ಬಾಯಿಗೆ ಹೋದರೂ ಬಾಧೆಯಿಲ್ಲದ ಲೋಳೆಯಾಟ

ಮಗುವಿಗೆ ಲೋಕದ ಮೊದಲ ಪರಿಚಯವಾಗುವುದು ಕೈಯಿಂದ ಮತ್ತು ಬಾಯಿಂದ. ಸಿಕ್ಕಿದ್ದನ್ನು ಹಿಚುಕುವುದು, ಮರುಗಳಿಗೆಯಲ್ಲೇ ಬಾಯಿಗಿಡುವುದು ಚೇಷ್ಟೆಯಲ್ಲ, ಕಲಿಕೆ. ಬೆರಳ ತುದಿ, ತುಟಿ ಹಾಗೂ ನಾಲಿಗೆಗಳು ಸ್ಪರ್ಶವನ್ನು ಅತಿ ಸೂಕ್ಷ್ಮವಾಗಿ ಗ್ರಹಿಸುವ ಅಂಗಗಳು. ಮೃದು, ಗಡಸು, ಅಂಟು, ಜಾರು ಎಂಬ ಭೇದಗಳನ್ನು ಮಗು ಅರಿಯುವುದು ಇವುಗಳಿಂದಲೇ. ಹಿಚುಕುವ, ಎಳೆಯುವ, ಹಿಂಡುವ ಆಟದಿಂದ ಬೆರಳುಗಳು ಬಲಗೊಂಡು, ಮುಂದೆ ತುತ್ತು ಕಲಸಲು, ಗುಂಡಿ ಹಾಕಲು, ಬಳಪ ಹಿಡಿಯಲು ಅಣಿಯಾಗುತ್ತವೆ.

ಹಿರಿಯರ ಕಾಲದಲ್ಲಿ ಇದಕ್ಕೆ ಬೇರೆ ಏರ್ಪಾಡು ಬೇಕಿರಲಿಲ್ಲ. ರೊಟ್ಟಿ ಬಡಿಯುವ ತಾಯಿಯ ಪಕ್ಕದಲ್ಲಿ ಕುಳಿತ ಮಗುವಿಗೆ ನಾದಿದ ಹಿಟ್ಟಿನ ಒಂದು ಉಂಡೆ ಸಿಗುತ್ತಿತ್ತು. ಮಣ್ಣೆತ್ತಿನ ಅಮಾವಾಸ್ಯೆ ಬಂದರೆ ಎತ್ತುಗಳನ್ನು ಮಾಡುವ ಕೆಲಸದಲ್ಲಿ ಮಕ್ಕಳಿಗೂ ಪಾಲಿರುತ್ತಿತ್ತು. ಇಂದು ಆ ಸ್ಥಾನವನ್ನು ಬಹುಮಟ್ಟಿಗೆ ಮೊಬೈಲ್ ಪರದೆ ಆಕ್ರಮಿಸಿದೆ. ಒಂದು ವರ್ಷದ ಮಗುವಿಗೆ ಪರದೆ ಸಲ್ಲದು, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು ಎಂದು ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ತಿಳಿಸಿದೆ. ಪರದೆಯನ್ನು ಕಿತ್ತುಕೊಂಡರಷ್ಟೇ ಸಾಲದು. ಬರಿದಾದ ಕೈಗೆ ಬೇರೊಂದನ್ನು ಕೊಡಬೇಕು. ಹೀಗೆ ಯೋಚಿಸಿ ಅನೇಕ ತಂದೆತಾಯಿಗಳು ‘ಸ್ಲೈಮ್’ ಎಂಬ ಬಣ್ಣದ ಲೋಳೆಯ ಡಬ್ಬಿಯನ್ನು ತಂದುಕೊಡುತ್ತಾರೆ. ಎಚ್ಚರ ಬೇಕಾಗಿರುವುದು ಇಲ್ಲಿಯೇ.

ಡಬ್ಬಿಯೊಳಗೆ ಏನಿದೆ?

ಅಮೆರಿಕದ ಮ್ಯಾಟೆಲ್ ಕಂಪನಿಯು 1976ರಲ್ಲಿ ಈ ಆಟಿಕೆಯನ್ನು ಮಾರುಕಟ್ಟೆಗೆ ತಂದಿತು. ಅದರ ಮುಖ್ಯ ದ್ರವ್ಯ ಗೌರ್ ಗೋಂದು, ಅಂದರೆ ನಾವು ಪಲ್ಯ ಮಾಡುವ ಗೋರಿಕಾಯಿಯ (ಚವಳಿಕಾಯಿಯ) ಬೀಜದಿಂದ ತೆಗೆದ ಪುಡಿ. ಅದರಲ್ಲಿ ದೋಷವಿಲ್ಲ. ಆದರೆ ಬರಿಯ ಗೋಂದು ಎಳೆದರೆ ಹಿಗ್ಗಿ, ಬಿಟ್ಟರೆ ಕೂಡಿಕೊಳ್ಳುವ ಗುಣವನ್ನು ಪಡೆಯಲಾರದು. ಅದಕ್ಕಾಗಿ ಬೋರಾಕ್ಸ್, ಅಂದರೆ ಬಿಳಿಗಾರವನ್ನು ಸೇರಿಸುತ್ತಾರೆ. ಗೋಂದಿನ ಉದ್ದನೆಯ ಎಳೆಗಳನ್ನು ಅದು ಅಲ್ಲಲ್ಲಿ ಗಂಟುಹಾಕಿ ಬಲೆಯಾಗಿಸುತ್ತದೆ. ಅಂಟು ಮತ್ತು ಬಿಳಿಗಾರ ಬೆರೆಸಿ ಮನೆಯಲ್ಲಿ ಮಾಡುವ ಲೋಳೆಯ ಮರ್ಮವೂ ಇದೇ.

ಬಿಳಿಗಾರ ಹೊಟ್ಟೆಗೆ ಹೋದರೆ ವಾಂತಿ, ಭೇದಿ, ಹೊಟ್ಟೆನೋವು ಉಂಟಾಗಬಹುದು. ಪ್ರಮಾಣ ಹೆಚ್ಚಾದರೆ ಮೂತ್ರಪಿಂಡಗಳಿಗೂ ಹಾನಿ. ಐರೋಪ್ಯ ಒಕ್ಕೂಟವು ಇದನ್ನು ಸಂತಾನಶಕ್ತಿಗೆ ಮಾರಕವಾದ ವಸ್ತುಗಳ ಸಾಲಿಗೆ ಸೇರಿಸಿದೆ. ಅಂಟುವ ಆಟಿಕೆಗಳಿಂದ ಹೊರಬರುವ ಬೋರಾನ್ ಕಿಲೋಗೆ 300 ಮಿಲಿಗ್ರಾಂ ಮೀರಬಾರದೆಂದು ಮಿತಿ ಹಾಕಿದೆ. ನಮ್ಮ ದೇಶದಲ್ಲಿ 2021ರ ಜನವರಿ 1ರಿಂದ ಆಟಿಕೆಗಳಿಗೆ ಐಎಸ್‌ಐ ಮುದ್ರೆ ಕಡ್ಡಾಯವಾಗಿದೆ. ಮುದ್ರೆಯಿಲ್ಲದ, ತಯಾರಕರ ಹೆಸರಿಲ್ಲದ ಡಬ್ಬಿಯನ್ನು ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು. ಮುದ್ರೆಯಿದ್ದರೂ ಅದು ತಿನ್ನುವ ವಸ್ತುವಲ್ಲ. ಎಲ್ಲವನ್ನೂ ಬಾಯಿಗಿಡುವ ವಯಸ್ಸಿನ ಮಗುವಿಗೆ ಅದು ಬೇಡ.

ಅಡುಗೆಮನೆಯ ಲೋಳೆ

ನಮ್ಮ ಮನೆಗಳಲ್ಲಿ ಸುಲಭವಾಗಿ ಸಿಗುವ ಎರಡು ಪದಾರ್ಥಗಳು ಈ ಕೆಲಸಕ್ಕೆ ಸಾಕು.

ಮೊದಲನೆಯದು ಅಗಸೆ. 4 ದೊಡ್ಡ ಚಮಚ ಅಗಸೆಬೀಜವನ್ನು 2 ಲೋಟ ನೀರಿನಲ್ಲಿ ಹಾಕಿ, ಹದವಾದ ಉರಿಯಲ್ಲಿ ಕೈಯಾಡಿಸುತ್ತಾ 8ರಿಂದ 10 ನಿಮಿಷ ಕುದಿಸಬೇಕು. ಬೀಜದ ಸಿಪ್ಪೆಯಲ್ಲಿರುವ ಲೋಳೆ ನೀರಿಗಿಳಿದು ದ್ರವ ಎಳೆಎಳೆಯಾಗುತ್ತದೆ. ಬಿಸಿಯಿರುವಾಗಲೇ ಜಾಲರಿಯಲ್ಲಿ ಸೋಸಬೇಕು. ಆರಿದ ಮೇಲೆ ಗಟ್ಟಿಯಾಗುವುದರಿಂದ ಸೋಸಲು ಬರುವುದಿಲ್ಲ. ಉಳಿದ ಬೀಜವನ್ನು ಚೆಲ್ಲದೆ ಅಂದಿನ ರೊಟ್ಟಿ, ಚಪಾತಿಯ ಹಿಟ್ಟಿಗೆ ಸೇರಿಸಿಕೊಳ್ಳಬಹುದು.

ಎರಡನೆಯದು ಮೆಕ್ಕೆಜೋಳದ ಪಿಷ್ಟ. ಅಂಗಡಿಯಲ್ಲಿ ‘ಕಾರ್ನ್‌ಫ್ಲೋರ್’ ಎಂದು ದೊರೆಯುವ ನುಣುಪಾದ ಬಿಳಿಯ ಪುಡಿ ಇದು, ಬಿಳಿಜೋಳದ ಹಿಟ್ಟಲ್ಲ. ಇದರ 4 ದೊಡ್ಡ ಚಮಚವನ್ನು ಒಂದೂವರೆ ಲೋಟ ತಣ್ಣೀರಿನಲ್ಲಿ ಗಂಟಿಲ್ಲದಂತೆ ಕದಡಿ, ಸಣ್ಣ ಉರಿಯಲ್ಲಿ ಬಿಡದೆ ತಿರುವಬೇಕು. ಹಾಲಿನಂತಿದ್ದುದು ಅರೆಪಾರದರ್ಶಕ ಗಂಜಿಯಾದಾಗ ಇಳಿಸಬೇಕು. ಪಿಷ್ಟದ ಕಣಗಳು ಬಿಸಿಯಲ್ಲಿ ನೀರು ಕುಡಿದು ಉಬ್ಬುವುದರಿಂದ ಈ ಹದ ಬರುತ್ತದೆ. ಇದು ಆರಿದ ಬಳಿಕ ಅಗಸೆಯ ಲೋಳೆಯನ್ನು ಸ್ವಲ್ಪಸ್ವಲ್ಪವಾಗಿ ಬೆರೆಸಿ ಕಲಸಿದರೆ, ಹಿಚುಕಲು ಮೃದುವಾದ, ಬೆರಳಿನಿಂದ ಜಾರುವ ಲೋಳೆ ಸಿದ್ಧ. ಅಂಗಡಿಯದರಂತೆ ಇದು ಮಾರುದ್ದ ಹಿಗ್ಗದು, ಏಕೆಂದರೆ ಗಂಟುಹಾಕುವ ಬಿಳಿಗಾರ ಇದರಲ್ಲಿಲ್ಲ. ಮಗುವಿಗೆ ಅದರಿಂದ ಯಾವ ಕೊರತೆಯೂ ಇಲ್ಲ.

ಬಣ್ಣಕ್ಕೆ ಬೀಟ್‌ರೂಟ್ ರಸ, ಪಾಲಕ್ ಬೇಯಿಸಿದ ನೀರು, ಚಿಟಿಕೆ ಅರಿಶಿನ ಸಾಕು. ಕುಂಕುಮ, ರಂಗೋಲಿ ಪುಡಿ, ಓಕುಳಿಯ ಬಣ್ಣಗಳನ್ನು ಎಂದಿಗೂ ಬೆರೆಸಬಾರದು. ಬೀಟ್‌ರೂಟ್ ಹೊಟ್ಟೆಗೆ ಹೋದರೆ ಕೆಲವು ಮಕ್ಕಳ ಮಲಮೂತ್ರ ಕೆಂಪಾಗಿ ಕಾಣಬಹುದು. ಅದಕ್ಕೆ ಗಾಬರಿ ಬೇಡ.

ಬೇಡವಾದವುಗಳು

ನೈಸರ್ಗಿಕವಾದುದೆಲ್ಲ ನಿರಪಾಯವೆಂದು ತಿಳಿಯಬಾರದು. ಒಂದು ವರ್ಷ ತುಂಬದ ಮಗುವಿಗೆ ಜೇನುತುಪ್ಪ ಸಲ್ಲದು. ಅದರಲ್ಲಿರಬಹುದಾದ ಸೂಕ್ಷ್ಮಾಣುಬೀಜಗಳು ಶಿಶುವಿನ ಕರುಳಿನಲ್ಲಿ ಬೆಳೆದು ಪ್ರಾಣಾಪಾಯ ತಂದೊಡ್ಡಬಲ್ಲವು. ಹಿಟ್ಟಿಗೆ ಉಪ್ಪು ಸುರಿದು ಮಾಡುವ ಆಟದ ಕಣಕವನ್ನು ಮಗು ನುಂಗಿದರೆ ರಕ್ತದಲ್ಲಿ ಉಪ್ಪಿನಂಶ ಏರಿ ತೊಂದರೆಯಾಗುತ್ತದೆ. ಒಣಗಿದ ಇಸಬಗೋಲು, ಕಾಮಕಸ್ತೂರಿ ಬೀಜಗಳು ಗಂಟಲಲ್ಲಿ ನೀರು ಹೀರಿ ಉಬ್ಬಿ ಉಸಿರುಗಟ್ಟಿಸಬಹುದು. ಲೋಳೆಸರದ ಸಿಪ್ಪೆಯಡಿಯ ಹಳದಿ ರಸ ಭೇದಿ ಉಂಟುಮಾಡುತ್ತದೆ. ಹಸಿ ಗೋಧಿಹಿಟ್ಟಿನಲ್ಲಿ ರೋಗಾಣುಗಳಿರಬಹುದು; ಆದ್ದರಿಂದ ಬೇಯಿಸಿದ್ದೇ ಲೇಸು. ‘ತಿನ್ನಬಹುದಾದ ಸ್ಲೈಮ್’ ಎಂದು ಹೇಳಿಕೊಡುವ ಅನೇಕ ವಿಧಾನಗಳಲ್ಲಿ ಮಾರ್ಷ್‌ಮೆಲೊ ಅಥವಾ ಜಿಲೆಟಿನ್ ಬಳಸುತ್ತಾರೆ. ಜಿಲೆಟಿನ್ ಪ್ರಾಣಿಗಳ ಚರ್ಮ ಮತ್ತು ಮೂಳೆಗಳಿಂದ ತೆಗೆಯುವ ವಸ್ತುವೆಂಬುದನ್ನು ಸಸ್ಯಾಹಾರಿ ಕುಟುಂಬಗಳು ಗಮನಿಸಬೇಕು.

ಆಡಿಸುವ ಕ್ರಮ

ಆರು ತಿಂಗಳವರೆಗೆ ಮಗುವಿಗೆ ತಾಯಿಯ ಹಾಲಷ್ಟೇ ಆಹಾರ. ಈ ಆಟ ಅದಕ್ಕಲ್ಲ. ಆಸರೆಯಿಲ್ಲದೆ ಕೂರಲು ಕಲಿತು, ಮೇಲಾಹಾರಕ್ಕೆ ಹೊಂದಿಕೊಂಡ ಬಳಿಕ ಆಡಿಸಬಹುದು. ಮಗು ಈ ಮೊದಲೇ ತಿಂದು ಅರಗಿಸಿಕೊಂಡ ಪದಾರ್ಥಗಳನ್ನೇ ಬಳಸಿದರೆ ಒಗ್ಗದಿಕೆಯ ಭಯ ಕಡಿಮೆ. ಗಂಜಿ ಮೇಲೆ ಆರಿದಂತೆ ಕಂಡರೂ ಒಳಗೆ ಬಹಳ ಹೊತ್ತು ಬಿಸಿಯಿರುತ್ತದೆ. ಹಿರಿಯರು ನಡುವೆ ಬೆರಳಿಟ್ಟು ನೋಡಿದ ಮೇಲೆಯೇ ಕೊಡಬೇಕು.

ಅಗಲವಾದ ತಟ್ಟೆಯಲ್ಲಿ ಒಂದು ಹಿಡಿಯಷ್ಟು ಹಾಕಿ, ಮಗುವಿನ ಕೈ ತೊಳೆಸಿ, ಎದುರಿಗೆ ಕುಳಿತುಕೊಳ್ಳಿ. ಮುಟ್ಟಲು ಹಿಂಜರಿಯುವ ಮಗುವನ್ನು ಒತ್ತಾಯಿಸದೆ ಮೊದಲು ಚಮಚ ಕೊಡಿ. ‘ತಣ್ಣಗಿದೆ’, ‘ಜಾರುತ್ತದೆ’, ‘ಅಂಟುತ್ತದೆ’ ಎಂದು ಹೇಳುತ್ತಾ ಹೋದರೆ ಸ್ಪರ್ಶದೊಡನೆ ನುಡಿಯೂ ಬೆಳೆಯುತ್ತದೆ. ಬಾಯಿಗಿಟ್ಟರೆ ಗದರಬೇಡಿ, ಆದರೆ ಉಂಡೆಯುಂಡೆಯಾಗಿ ನುಂಗಲೂ ಬಿಡಬೇಡಿ. ಬಾಯಿಗೆ ಹೋದರೆ ಅಪಾಯವಿಲ್ಲವೆಂಬ ಮಾತಿಗೆ ಅದು ಊಟವೆಂಬ ಅರ್ಥವಿಲ್ಲ.

ಆಟ ಮುಗಿದ ಮೇಲೆ ಲೋಳೆಯನ್ನು ಇಟ್ಟುಕೊಳ್ಳಬಾರದು. ಸಂರಕ್ಷಕವಿಲ್ಲದ ಈ ವಸ್ತು ನಮ್ಮ ಸೆಕೆಯಲ್ಲಿ ಬೇಗ ಕೆಡುತ್ತದೆ. ಅಂದಿನದು ಅಂದಿಗೇ ಸಾಕು. ಬಚ್ಚಲಿಗೆ ಸುರಿದರೆ ಕೊಳವೆ ಕಟ್ಟುತ್ತದೆ. ಗಿಡದ ಬುಡಕ್ಕೋ ಗೊಬ್ಬರದ ಗುಂಡಿಗೋ ಹಾಕುವುದು ಒಳ್ಳೆಯದು. ನೆಲಕ್ಕೆ ಬಿದ್ದುದನ್ನು ಕೂಡಲೇ ಒರೆಸಬೇಕು, ಇಲ್ಲವಾದರೆ ಮನೆಯ ವೃದ್ಧರು ಜಾರಿ ಬಿದ್ದಾರು.

ಅಂಗಡಿಯ ಸ್ಲೈಮನ್ನು ಮಗು ಈಗಾಗಲೇ ನುಂಗಿದ್ದರೆ ಬಾಯಿ ಒರೆಸಿ, ನೀರು ಕುಡಿಸಿ, ಡಬ್ಬಿಯೊಡನೆ ವೈದ್ಯರ ಬಳಿಗೆ ಕರೆದೊಯ್ಯಿರಿ. ಬಲವಂತವಾಗಿ ವಾಂತಿ ಮಾಡಿಸಬಾರದು.

ಉಣ್ಣುವ ಪದಾರ್ಥದಲ್ಲಿ ಆಟವೇ ಎಂದು ಹಿರಿಯರು ಕೇಳುವುದು ಸಹಜ. ಆಹಾರ ಪೋಲಾಗಬಾರದೆಂಬ ಆ ಕಾಳಜಿ ಸರಿಯಾದುದೇ. ಅದಕ್ಕೆಂದೇ ಒಂದು ಹಿಡಿಯಷ್ಟೇ ಮಾಡಿ, ಬೀಜವನ್ನು ಉಳಿಸಿ, ಮಿಕ್ಕುದನ್ನು ಮಣ್ಣಿಗೆ ಸೇರಿಸುವ ಕ್ರಮವನ್ನು ಮೇಲೆ ಹೇಳಿದೆ. ನಾಲ್ಕು ಚಮಚ ಅಗಸೆ, ನಾಲ್ಕು ಚಮಚ ಪಿಷ್ಟ, ಜೊತೆಗೆ ಮನೆಯವರ ಅರ್ಧ ಗಂಟೆ: ಮಗುವಿಗೆ ಬೇಕಾದುದು ಇಷ್ಟೇ. ಇವುಗಳಲ್ಲಿ ಕೊನೆಯದು ಯಾವ ಅಂಗಡಿಯಲ್ಲಿಯೂ ದೊರೆಯುವುದಿಲ್ಲ.