ಮನೆಯ ವಿದ್ಯುದ್ವಾಹನ: ಹಕ್ಕೂ ಹೊಣೆಯೂ

1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತನ್ನೊಯ್ದ ನಾಡು ನಮ್ಮದು. 2017ರಲ್ಲಿ ವಿದ್ಯುದ್ವಾಹನ ನೀತಿಯನ್ನು ದೇಶದಲ್ಲೇ ಮೊದಲು ಸಾರಿದ ಕೀರ್ತಿಯೂ ಕರ್ನಾಟಕದ್ದೇ. ಆ ಕೀರ್ತಿಯು ಅರಸೀಕೆರೆ, ಬೇಲೂರು, ಹಳೇಬೀಡುಗಳ ಗೃಹಸ್ಥರ ಮನೆಬಾಗಿಲನ್ನು ಮುಟ್ಟುವುದೆಂದು?

ಮನೆಯಲ್ಲಿ ಚಾರ್ಜರು ಕೂರಿಸಲು ಪರವಾನಗಿಯ ಭಯ ಬೇಡ. ಚಾರ್ಜಿಂಗಿಗೆ ಲೈಸೆನ್ಸು ಬೇಕಿಲ್ಲವೆಂದು ಕೇಂದ್ರ ಸರ್ಕಾರವು 2018ರಲ್ಲೇ ಸ್ಪಷ್ಟಪಡಿಸಿದೆ. ಬೇಕಾದುದು ಭಾರದ ಮಂಜೂರಾತಿ. ಸ್ಕೂಟರಿಗೆ ಮನೆಯ ಸಾಮಾನ್ಯ ಪ್ಲಗ್ಗು ಸಾಕಾದೀತು. ಆದರೆ 32 ಆಂಪಿಯರಿನ ಕಾರು ಚಾರ್ಜರು ಸುಮಾರು 7 ಕಿಲೋವಾಟ್ ಸೆಳೆಯುವುದು. 3 ಕಿಲೋವಾಟ್ ಮಂಜೂರಾದ ಮನೆಯವರು ಇದನ್ನು ಮರೆಮಾಚಿದರೆ ತಂತಿ ಕಾಯುವುದು, ನೆರೆಹೊರೆಯವರ ದೀಪವೂ ಮಂಕಾಗುವುದು. ಆದುದರಿಂದ ಲೈಸೆನ್ಸುದಾರ ಗುತ್ತಿಗೆದಾರರಿಂದ ಪ್ರತ್ಯೇಕ ತಂತಿ, ಸರಿಯಾದ ಅರ್ತಿಂಗ್ ಮಾಡಿಸಿ, ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮಕ್ಕೆ ಅರ್ಜಿ ಕೊಡುವುದು ಗೃಹಸ್ಥರ ಧರ್ಮ.

ಅಧಿಕಾರಿಗಳಿಗೂ ಧರ್ಮವುಂಟು. 2024ರ ನಿಯಮಗಳ ಪ್ರಕಾರ, ಲೈನಿನ ವಿಸ್ತರಣೆ ಬೇಡವಾದಲ್ಲಿ, ಪೌರ ಪ್ರದೇಶಗಳಲ್ಲಿ 7 ದಿನ, ಗುಡ್ಡಗಾಡಲ್ಲದ ಗ್ರಾಮಗಳಲ್ಲಿ 15 ದಿನಗಳೊಳಗೆ ಸಂಪರ್ಕ ಕೊಡತಕ್ಕದ್ದು. ವಾಹನಕ್ಕೆಂದು ಬೇರೆ ಸಂಪರ್ಕವನ್ನೂ ಬೇಡಬಹುದು. ಈ ಅವಧಿಯನ್ನು ಪ್ರತಿ ಕಚೇರಿಯ ಗೋಡೆಯ ಮೇಲೆ ಕನ್ನಡದಲ್ಲಿ ಬರೆದು ತೂಗುಹಾಕಲಿ. ತಿಳಿಯದ ಹಕ್ಕು ಇಲ್ಲದ ಹಕ್ಕಿಗೆ ಸಮ. ಪ್ರಜೆ ಭಾರವನ್ನು ಮುಚ್ಚಿಡದಿರಲಿ, ಅಧಿಕಾರಿ ಅರ್ಜಿಯನ್ನು ಮುಚ್ಚಿಡದಿರಲಿ.