ಮಣಿದ ರೋಗ ಮತ್ತೆ ತಲೆಯೆತ್ತುವುದೇಕೆ?

ಶ್ವಾಸಕೋಶದ ಕ್ಯಾನ್ಸರಿನ ಕೆಲವರಿಗೆ ಗೆಫಿಟಿನಿಬ್ ಎಂಬ ಗುಳಿಗೆಯಿಂದ ಗಡ್ಡೆ ಕುಗ್ಗಿ, ಕೆಮ್ಮು ತಗ್ಗುತ್ತದೆ. ಸುಮಾರು ಒಂದು ವರ್ಷದಲ್ಲಿ ಅದೇ ಗುಳಿಗೆ ನಾಟದಾಗುತ್ತದೆ. ಮದ್ದು ಕಲಬೆರಕೆಯೆಂದೋ, ರೋಗಿ ಪಥ್ಯ ತಪ್ಪಿದರೆಂದೋ ಮನೆಯವರು ನೊಂದುಕೊಳ್ಳುವುದುಂಟು. ಕಾರಣ ಬೇರೆಯೇ ಇದೆ.

ಕಂಬಂ ಕಣಿವೆಯ ದ್ರಾಕ್ಷಿ ಬೆಳೆಗಾರರಿಗೆ ಇದನ್ನು ಹೆಚ್ಚು ವಿವರಿಸಬೇಕಿಲ್ಲ. ಒಂದೇ ಔಷಧವನ್ನು ಮತ್ತೆ ಮತ್ತೆ ಸಿಂಪಡಿಸಿದರೆ, ಸಾಯದೆ ಉಳಿದ ಅಷ್ಟಿಷ್ಟು ಬೂಜೇ ಹಬ್ಬಿ ತೋಟವನ್ನು ಆವರಿಸುತ್ತದೆ. ಗಡ್ಡೆಯಲ್ಲಿ ನಡೆಯುವುದೂ ಇದೇ.

ಜೀವಕೋಶದ ಹೊರಮೈಯಲ್ಲಿರುವ ಇ.ಜಿ.ಎಫ್.ಆರ್. ಎಂಬ ಪ್ರೋಟೀನು 'ಬೆಳೆ' ಎಂಬ ಸಂದೇಶವನ್ನು ಒಳಗೆ ಕಳುಹಿಸುತ್ತದೆ. ಅದರ ಜೀನು ಕೆಟ್ಟಾಗ ಸಂದೇಶ ನಿಲ್ಲುವುದೇ ಇಲ್ಲ. ಬೀಡಿ, ಸಿಗರೇಟು ಮುಟ್ಟದ ಹೆಂಗಸರಲ್ಲಿಯೂ ಈ ಕೇಡು ಕಾಣುತ್ತದೆ. ಗುಳಿಗೆಯು ಆ ಪ್ರೋಟೀನಿನ ಪೊಟರೆಯೊಂದರಲ್ಲಿ ಕುಳಿತು ಸಂದೇಶವನ್ನು ತಡೆಯುತ್ತದೆ. ಆದರೆ 790ನೆಯ ಸ್ಥಾನದ ಥ್ರಿಯೊನಿನ್ ಹೋಗಿ ಮೆಥಿಯೊನಿನ್ ಬಂದರೆ ಗುಳಿಗೆ ಅಲ್ಲಿ ನೆಲೆ ನಿಲ್ಲಲಾರದು. 2005ರಲ್ಲಿ ಪತ್ತೆಯಾದ ಈ ಒಂದೇ ಬದಲಾವಣೆ, ಗುಳಿಗೆ ಸೋತವರಲ್ಲಿ ಅರ್ಧಕ್ಕೂ ಮಿಕ್ಕವರಲ್ಲಿ ಕಾಣುತ್ತದೆ.

ಇದನ್ನು ಮಣಿಸಲು ಓಸಿಮರ್ಟಿನಿಬ್ ಬಂದಿತು. ಅಮೆರಿಕವು 2015ರಲ್ಲಿ ಅದನ್ನು ಅಂಗೀಕರಿಸಿತು. ಇಂದು ಅದನ್ನು ಮೊದಲಿಗೇ ಕೊಡುವುದೂ ಇದೆ. ಅದು 797ನೆಯ ಸ್ಥಾನಕ್ಕೆ ಅಂಟಿಕೊಳ್ಳುತ್ತದೆ; ರೋಗವು ಕೆಲವರಲ್ಲಿ ಆ ಸ್ಥಾನವನ್ನೂ ಬದಲಿಸಿಬಿಡುತ್ತದೆ! ಇನ್ನು ಕೆಲವರಲ್ಲಿ 'ಮೆಟ್' ಎಂಬ ಬೇರೊಂದು ಜೀನಿನ ಅಡ್ಡದಾರಿ ಹಿಡಿಯುತ್ತದೆ.

ಆದುದರಿಂದ ತೇನಿ, ದಿಂಡಿಗಲ್ಲಿನ ನಮ್ಮವರು ಗುಳಿಗೆಯನ್ನು ತಾವಾಗಿ ಬಿಡದೆ, ಜೀನಿನ ಪರೀಕ್ಷೆ ಮತ್ತೊಮ್ಮೆ ಬೇಕೇ ಎಂದು ವೈದ್ಯರನ್ನು ಕೇಳಬೇಕು. ರಕ್ತದಿಂದಲೂ ಈ ಪರೀಕ್ಷೆ ಸಾಧ್ಯ. ಅದರಲ್ಲಿ ಏನೂ ಕಾಣದಿದ್ದರೆ ಗಡ್ಡೆಯ ತುಣುಕನ್ನೇ ತೆಗೆದು ನೋಡಬೇಕಾಗುತ್ತದೆ.