ತೂಕ ಇಳಿದ ಮೇಲೆ ಸ್ತನದ ಇಂಪ್ಲಾಂಟ್: ಸ್ನಾಯುವಿನ ಮೇಲೋ, ಕೆಳಗೋ?

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ನಾಲ್ಕನೇ ಸುತ್ತಿನಲ್ಲಿ ಕರ್ನಾಟಕದ 15ರಿಂದ 49 ವರ್ಷದ ಮಹಿಳೆಯರಲ್ಲಿ ಸುಮಾರು ಶೇ. 23 ಮಂದಿಗೆ ಅಧಿಕ ತೂಕ ಅಥವಾ ಬೊಜ್ಜು ಇತ್ತು. 2019ರಲ್ಲಿ ನಡೆದ ಐದನೇ ಸುತ್ತಿನಲ್ಲಿ ಈ ಪ್ರಮಾಣ ಶೇ. 30ಕ್ಕೆ ಏರಿತು. ತೂಕ ಇಳಿಸುವ ದಾರಿಗಳೂ ಈಗ ಹೆಚ್ಚಿವೆ. ಜಠರವನ್ನು ಕಿರಿದಾಗಿಸುವ ಬೇರಿಯಾಟ್ರಿಕ್ ಸರ್ಜರಿ ಬೆಂಗಳೂರಿನಲ್ಲಿ ಹಲವು ವರ್ಷಗಳಿಂದ ನಡೆಯುತ್ತಿದೆ. 2025ರ ಮಾರ್ಚ್‌ನಲ್ಲಿ ಮೌಂಜಾರೊ, ಜೂನ್‌ನಲ್ಲಿ ವೆಗೋವಿ ಎಂಬ ಚುಚ್ಚುಮದ್ದುಗಳು ಭಾರತದ ಮಾರುಕಟ್ಟೆಗೆ ಬಂದವು.

ತೂಕ ಇಳಿದರೆ ಸಕ್ಕರೆ, ರಕ್ತದೊತ್ತಡ, ಮಂಡಿನೋವು ಎಲ್ಲವೂ ಹತೋಟಿಗೆ ಬರುತ್ತವೆ. ಆದರೆ ಮೂವತ್ತು ನಲವತ್ತು ಕಿಲೋ ಕಳೆದುಕೊಂಡ ಅನೇಕ ಹೆಣ್ಣುಮಕ್ಕಳನ್ನು ಇನ್ನೊಂದು ತೊಂದರೆ ಕಾಡುತ್ತದೆ. ಸ್ತನಗಳು ಬರಿದಾಗಿ ಜೋತುಬೀಳುತ್ತವೆ. ಅವುಗಳ ಕೆಳಗಿನ ಮಡಿಕೆಯಲ್ಲಿ ಬೆವರು ನಿಂತು ತುರಿಕೆ, ಹುಣ್ಣು ಆಗುತ್ತವೆ. ನಾಚಿಕೆಯಿಂದ ಮನೆಯಲ್ಲೂ ಹೇಳಿಕೊಳ್ಳುವುದಿಲ್ಲ. ಕೊನೆಗೆ ಪ್ಲಾಸ್ಟಿಕ್ ಸರ್ಜನ್ ಬಳಿ ಹೋದಾಗ ಕೇಳಿಬರುವ ಮಾತು ಎರಡು: ಲಿಫ್ಟ್ ಮತ್ತು ಇಂಪ್ಲಾಂಟ್.

ಸ್ತನದ ಬಹುಭಾಗ ಕೊಬ್ಬು. ಅದರ ನಡುವೆ ಹಾಲಿನ ಗ್ರಂಥಿಗಳಿವೆ. ಇವೆರಡನ್ನೂ ಹಿಡಿದಿಡುವುದು ಒಳಗಿನ ತಂತುಗಳು ಮತ್ತು ಹೊರಗಿನ ಚರ್ಮ. ಚರ್ಮಕ್ಕೆ ಬಲ ಕೊಡುವುದು ಕೊಲಾಜನ್, ಎಳೆದರೆ ಮತ್ತೆ ಸ್ವಸ್ಥಾನಕ್ಕೆ ಮರಳುವ ಗುಣ ಕೊಡುವುದು ಎಲಾಸ್ಟಿನ್. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಈ ಎಳೆಗಳು ತೆಳುವಾಗಿ, ಕಡಿದು, ಅಸ್ತವ್ಯಸ್ತವಾಗಿರುತ್ತವೆ. ಆಮೇಲೆ ಕೊಬ್ಬು ಕರಗುತ್ತದೆ, ಚರ್ಮ ಕುಗ್ಗುವುದಿಲ್ಲ. ಅರ್ಧ ಹತ್ತಿ ತೆಗೆದ ದಿಂಬಿನ ಗವಸಿನಂತೆ ಮೇಲ್ಭಾಗ ಚಪ್ಪಟೆಯಾಗಿ, ಉಳಿದದ್ದೆಲ್ಲ ಕೆಳಗೆ ಸೇರುತ್ತದೆ. ವ್ಯಾಯಾಮದಿಂದ ಎದೆಯ ಸ್ನಾಯು ಬಲಗೊಳ್ಳುತ್ತದೆ ನಿಜ, ಆದರೆ ಎಲಾಸ್ಟಿನ್ ಮರಳಿ ಬರುವುದಿಲ್ಲ. ಯಾವ ಕ್ರೀಮಿಗೂ ಆ ಶಕ್ತಿಯಿಲ್ಲ.

ಜೋತುಬಿದ್ದ ಪ್ರಮಾಣವನ್ನು ಅಳೆಯಲು 1976ರಲ್ಲಿ ರೆನ್ಯೋ ಎಂಬ ಸರ್ಜನ್ ಕೊಟ್ಟ ಶ್ರೇಣಿಯನ್ನೇ ವೈದ್ಯರು ಇಂದಿಗೂ ಬಳಸುತ್ತಾರೆ. ಮೊಲೆತೊಟ್ಟು ಸ್ತನದ ಕೆಳಮಡಿಕೆಯ ಮಟ್ಟದಲ್ಲಿದ್ದರೆ ಮೊದಲನೇ ಹಂತ, ಮಡಿಕೆಗಿಂತ ಕೆಳಗಿಳಿದಿದ್ದರೆ ಎರಡನೆಯದು, ಸ್ತನದ ತೀರಾ ತುದಿಗೆ ಬಂದು ನೆಲ ನೋಡುತ್ತಿದ್ದರೆ ಮೂರನೆಯದು. ತುಂಬಾ ತೂಕ ಇಳಿಸಿದವರಲ್ಲಿ ಕೊನೆಯ ಎರಡು ಹಂತಗಳೇ ಸಾಮಾನ್ಯ. ಅವರಿಗೆ ಇಂಪ್ಲಾಂಟ್ ಒಂದನ್ನೇ ಹಾಕಿದರೆ ಸಾಲದು. ಹೆಚ್ಚಾದ ಚರ್ಮ ಕತ್ತರಿಸಿ, ಗ್ರಂಥಿಗೆ ಹೊಸ ಆಕಾರ ಕೊಟ್ಟು, ಮೊಲೆತೊಟ್ಟನ್ನು ಮೇಲಕ್ಕೆ ತರುವ ಲಿಫ್ಟ್ ಬೇಕಾಗುತ್ತದೆ. ಲಿಫ್ಟ್ ಆಕಾರವನ್ನು ಸರಿಪಡಿಸುತ್ತದೆ. ಬರಿದಾದ ಮೇಲ್ಭಾಗವನ್ನು ತುಂಬುವುದು ಇಂಪ್ಲಾಂಟಿನ ಕೆಲಸ.

ಅದನ್ನು ಎಲ್ಲಿಡಬೇಕು ಎಂಬಲ್ಲಿ ಕಷ್ಟ ಶುರುವಾಗುತ್ತದೆ. ಸ್ತನದ ಹಿಂದೆ ಎದೆಯ ದೊಡ್ಡ ಸ್ನಾಯು, ಅದರ ಹಿಂದೆ ಪಕ್ಕೆಲುಬು. ಇಂಪ್ಲಾಂಟನ್ನು ಗ್ರಂಥಿಯ ಹಿಂದೆ, ಸ್ನಾಯುವಿನ ಮುಂದೆ ಇಡಬಹುದು. ಇದರಲ್ಲಿ ನೋವು ಕಡಿಮೆ, ಚೇತರಿಕೆ ಬೇಗ. ಸಡಿಲವಾದ ಸ್ತನವನ್ನು ಇಂಪ್ಲಾಂಟ್ ನೇರವಾಗಿ ತುಂಬುತ್ತದೆ, ಕೈ ಆಡಿಸುವಾಗ ಅದು ಅತ್ತಿತ್ತ ಸರಿಯುವುದಿಲ್ಲ. ಆದರೆ ಕೊಬ್ಬು ಕರಗಿ ತೆಳುವಾದ ಚರ್ಮದಡಿ ಅದರ ಅಂಚು ಎದ್ದು ಕಾಣಬಹುದು, ಮೇಲ್ಮೈಯಲ್ಲಿ ಸುಕ್ಕಿನ ಅಲೆಗಳು ಮೂಡಬಹುದು. ಇಂಪ್ಲಾಂಟಿನ ಸುತ್ತ ದೇಹ ಕಟ್ಟಿಕೊಳ್ಳುವ ಪೊರೆ ಬಿಗಿದು ಗಟ್ಟಿಯಾಗುವ ತೊಂದರೆಯೂ ಈ ಜಾಗದಲ್ಲಿ ಹೆಚ್ಚೆಂದು ಹಳೆಯ ಅಧ್ಯಯನಗಳು ಹೇಳುತ್ತವೆ. ಸ್ನಾಯುವಿನ ಮೇಲಿನ ತೆಳು ಪದರವನ್ನು ಎಬ್ಬಿಸಿ ಅದರಡಿ ಇಡುವ ವಿಧಾನವೂ ಇದೆ. ಬ್ರೆಜಿಲಿನ ಸರ್ಜನ್‌ಗಳು ಅದನ್ನು ಬಳಕೆಗೆ ತಂದರು.

ಇಂಪ್ಲಾಂಟನ್ನು ಪೂರ್ತಿ ಸ್ನಾಯುವಿನಡಿ ಇಟ್ಟರೆ ಅಂಚು ಮುಚ್ಚುತ್ತದೆ. ಆದರೆ ಸಡಿಲ ಸ್ತನದಲ್ಲಿ ಬೇರೊಂದು ಅಪಾಯವಿದೆ. ಬಿಗಿಯಾದ ಸ್ನಾಯು ಇಂಪ್ಲಾಂಟನ್ನು ಮೇಲೆಯೇ ಹಿಡಿದಿಟ್ಟುಕೊಳ್ಳುತ್ತದೆ, ಗ್ರಂಥಿ ಅದರ ಮುಂದಿನಿಂದ ಕೆಳಗೆ ಜಾರುತ್ತದೆ. ಆಗ ಒಂದೇ ಎದೆಯಲ್ಲಿ ಎರಡು ಉಬ್ಬು ಕಾಣುತ್ತವೆ.

ಇದಕ್ಕೆ ಪರಿಹಾರವಾಗಿ ಬಂದದ್ದು ಡ್ಯುಯಲ್ ಪ್ಲೇನ್. ಅಮೆರಿಕದ ಸರ್ಜನ್ ಜಾನ್ ಟೆಬೆಟ್ಸ್ 2001ರಲ್ಲಿ ಇದನ್ನು ವಿವರಿಸಿದರು. ಸ್ನಾಯುವಿನ ಕೆಳಅಂಚನ್ನು ಪಕ್ಕೆಲುಬಿನಿಂದ ಬಿಡಿಸಿ, ಇಂಪ್ಲಾಂಟಿನ ಮೇಲರ್ಧ ಸ್ನಾಯುವಿನಡಿ, ಕೆಳಭಾಗ ಗ್ರಂಥಿಯಡಿ ಬರುವಂತೆ ಮಾಡುತ್ತಾರೆ. ಮೇಲಿನ ಅಂಚು ಮರೆಯಾಗುತ್ತದೆ, ಕೆಳಗಿನ ಸಡಿಲ ಜಾಗವೂ ತುಂಬುತ್ತದೆ. ತೂಕ ಇಳಿಸಿಕೊಂಡವರಿಗೆ ಅನೇಕ ಸರ್ಜನ್‌ಗಳು ಇದನ್ನೇ ಆರಿಸುತ್ತಾರೆ. ದೋಷವೆಂದರೆ ಆರಂಭದ ನೋವು ಹೆಚ್ಚು, ಮತ್ತು ಭಾರ ಎತ್ತುವಾಗ ಸ್ನಾಯು ಬಿಗಿದರೆ ಸ್ತನವೂ ಅದರೊಂದಿಗೆ ಸರಿಯುತ್ತದೆ. ಇಳಿಸಿದ ತೂಕ ಕಾಪಾಡಿಕೊಳ್ಳಲು ದಿನವೂ ಜಿಮ್‌ಗೆ ಹೋಗುವವರು ಇದನ್ನು ಮೊದಲೇ ಸರ್ಜನ್‌ಗೆ ಹೇಳಬೇಕು.

ಯಾವುದು ಸರಿ ಎಂದು ತೀರ್ಮಾನಿಸುವ ಮೊದಲ ಅಳತೆ ಸರಳ. ಸ್ತನದ ಮೇಲ್ಭಾಗದ ಚರ್ಮ, ಕೊಬ್ಬನ್ನು ಬೆರಳಲ್ಲಿ ಹಿಡಿದು ದಪ್ಪ ನೋಡುತ್ತಾರೆ. ಅದು 2 ಸೆಂ.ಮೀ.ಗಿಂತ ಕಡಿಮೆಯಿದ್ದರೆ ಸ್ನಾಯುವಿನ ಹೊದಿಕೆ ಬೇಕೆಂದು ಅರ್ಥ.

ಎರಡನೆಯ ಲೆಕ್ಕ ರಕ್ತದ ಹರಿವಿನದು. ಅದು ಸೌಂದರ್ಯಕ್ಕಿಂತ ಮುಖ್ಯ. ಲಿಫ್ಟ್ ಮಾಡುವಾಗ ಮೊಲೆತೊಟ್ಟಿನ ಸುತ್ತ ಚರ್ಮ ಕತ್ತರಿಸುವುದರಿಂದ ಅಲ್ಲಿಗೆ ರಕ್ತ ಒಯ್ಯುವ ಹಲವು ನಾಳಗಳು ಕಡಿಯುತ್ತವೆ. ಗ್ರಂಥಿಯನ್ನು ಸ್ನಾಯುವಿನಿಂದ ಬಿಡಿಸಿ ಇಂಪ್ಲಾಂಟ್ ಇಟ್ಟರೆ ಹಿಂದಿನಿಂದ ಬರುವ ನಾಳಗಳೂ ಹೋಗುತ್ತವೆ. ಸ್ನಾಯುವಿನಡಿ ಇಟ್ಟರೆ ಅವುಗಳಲ್ಲಿ ಹೆಚ್ಚಿನವು ಉಳಿಯುತ್ತವೆ. ರಕ್ತ ಸಾಲದಿದ್ದರೆ ಗಾಯ ಬಿರಿಯುತ್ತದೆ, ಮೊಲೆತೊಟ್ಟೇ ಸತ್ತುಹೋಗಬಹುದು. ಧೂಮಪಾನಿಗಳಲ್ಲಿ, ಮಧುಮೇಹಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು.

ಇದಕ್ಕೆ ಒಂದು ವಿರೋಧಾಭಾಸವೂ ಸೇರುತ್ತದೆ. ಲಿಫ್ಟ್ ಚರ್ಮವನ್ನು ಬಿಗಿ ಮಾಡುತ್ತದೆ, ಇಂಪ್ಲಾಂಟ್ ಅದೇ ಚರ್ಮವನ್ನು ಹಿಗ್ಗಿಸುತ್ತದೆ. ದುರ್ಬಲ ಚರ್ಮದ ಮೇಲೆ ದೊಡ್ಡ ಇಂಪ್ಲಾಂಟಿನ ಭಾರ ಬಿದ್ದರೆ ಕೆಲವೇ ವರ್ಷಗಳಲ್ಲಿ ಅದು ಕೆಳಗಿಳಿದು ಮತ್ತೊಂದು ಸರ್ಜರಿ ಬೇಕಾಗುತ್ತದೆ. ಹಾಗಾಗಿ ಚಿಕ್ಕದನ್ನು ಆರಿಸುವುದು ಜಾಣತನ. ಹೆಚ್ಚು ಜೋತುಬಿದ್ದವರಿಗೆ ಮೊದಲು ಲಿಫ್ಟ್ ಮಾಡಿ, ಗಾಯ ಪೂರ್ತಿ ಮಾಗಿದ ಮೇಲೆ, ಮೂರರಿಂದ ಆರು ತಿಂಗಳ ನಂತರ ಇಂಪ್ಲಾಂಟ್ ಹಾಕುವ ಕ್ರಮವೂ ಇದೆ. ಎರಡು ಸಲ ಅರಿವಳಿಕೆ, ಎರಡು ಸಲ ಖರ್ಚು ನಿಜ. ಆದರೆ ಲಿಫ್ಟ್ ಆದ ಮೇಲೆ ಇಂಪ್ಲಾಂಟೇ ಬೇಡವೆನ್ನಿಸುವವರೂ ಇದ್ದಾರೆ. ಪಿಟ್ಸ್‌ಬರ್ಗ್‌ನ ಸರ್ಜನ್ ಪೀಟರ್ ರೂಬಿನ್ ಅವರು ಎದೆಯ ಪಕ್ಕದಲ್ಲಿ ಉಳಿದ ಚರ್ಮ-ಕೊಬ್ಬಿನ ಮಡಿಕೆಯನ್ನೇ ಒಳಗೆ ಸೇರಿಸಿ ಸ್ತನ ತುಂಬುವ ವಿಧಾನವನ್ನು ರೂಪಿಸಿದ್ದಾರೆ. ಆ ಸಾಧ್ಯತೆಯನ್ನೂ ಕೇಳಿ ತಿಳಿಯಬೇಕು.

ಇಂಪ್ಲಾಂಟ್ ಜೀವನಪೂರ್ತಿ ಬಾಳುವ ವಸ್ತುವಲ್ಲ. 1962ರಲ್ಲಿ ಅಮೆರಿಕದ ಹ್ಯೂಸ್ಟನ್‌ನಲ್ಲಿ ಮೊದಲ ಸಿಲಿಕೋನ್ ಇಂಪ್ಲಾಂಟ್ ಹಾಕಿದಂದಿನಿಂದ ಅದರ ಚರಿತ್ರೆ ಏಳುಬೀಳಿನದು. ಕಾರ್ಖಾನೆ ಬಳಕೆಯ ಸಿಲಿಕೋನ್ ತುಂಬಿದ ಫ್ರಾನ್ಸಿನ ಪಿಐಪಿ ಇಂಪ್ಲಾಂಟುಗಳನ್ನು 2010ರಲ್ಲಿ ಮಾರುಕಟ್ಟೆಯಿಂದ ತೆಗೆಯಲಾಯಿತು. ಅಪರೂಪದ ಒಂದು ಬಗೆಯ ಲಿಂಫೋಮಾ ಕ್ಯಾನ್ಸರಿನ ನಂಟಿನಿಂದಾಗಿ 2019ರಲ್ಲಿ ಅಲರ್ಗನ್ ಕಂಪನಿ ತನ್ನ ಒರಟು ಮೇಲ್ಮೈಯ ಇಂಪ್ಲಾಂಟುಗಳನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಸಿಲಿಕೋನ್ ಇಂಪ್ಲಾಂಟ್ ಒಳಗೇ ಒಡೆದಿದೆಯೇ ಎಂದು ತಿಳಿಯಲು ಐದಾರು ವರ್ಷಕ್ಕೆ ಮೊದಲ ಸ್ಕ್ಯಾನ್, ಆಮೇಲೆ ಎರಡು ಮೂರು ವರ್ಷಕ್ಕೊಮ್ಮೆ ತಪಾಸಣೆ ಮಾಡಿಸಬೇಕೆಂದು ಅಮೆರಿಕದ ಎಫ್‌ಡಿಎ ಹೇಳುತ್ತದೆ. ಬೆಂಗಳೂರಿನ ಹೆಂಗಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಸ್ತನದ್ದೇ. ಇಂಪ್ಲಾಂಟ್ ಇದ್ದರೆ ಮ್ಯಾಮೊಗ್ರಾಮ್‌ನಲ್ಲಿ ಸ್ವಲ್ಪ ಭಾಗ ಮರೆಯಾಗುತ್ತದೆ, ಸ್ನಾಯುವಿನ ಮುಂದಿದ್ದರೆ ಇನ್ನೂ ಹೆಚ್ಚು. ತಪಾಸಣೆಗೆ ಹೋದಾಗ ಇಂಪ್ಲಾಂಟ್ ಇದೆಯೆಂದು ಹೇಳಿದರೆ ಅದನ್ನು ಹಿಂದಕ್ಕೆ ಒತ್ತಿ ಬೇರೆ ಕೋನದ ಚಿತ್ರಗಳನ್ನು ತೆಗೆಯುತ್ತಾರೆ.

ಜಾಗದ ಪ್ರಶ್ನೆ ದೇಹದೊಳಗೆ ಮುಗಿಯುವುದಿಲ್ಲ. ಸರ್ಜರಿ ಎಲ್ಲಿ ಮಾಡಿಸುತ್ತೇವೆ ಎಂಬುದೂ ಅಷ್ಟೇ ಮುಖ್ಯ. 2022ರ ಮೇ 16ರಂದು ರಾಜಾಜಿನಗರದ ಸೌಂದರ್ಯ ಚಿಕಿತ್ಸಾ ಕೇಂದ್ರವೊಂದರಲ್ಲಿ ಕೊಬ್ಬು ತೆಗೆಸುವ ಸರ್ಜರಿಗೆ ಒಳಗಾದ ಕಿರುತೆರೆ ನಟಿ ಚೇತನಾ ರಾಜ್ ಅದೇ ದಿನ ತೀರಿಕೊಂಡರು. ಸ್ಥಿತಿ ಬಿಗಡಾಯಿಸಿದಾಗ ಅವರನ್ನು ಬೇರೊಂದು ಆಸ್ಪತ್ರೆಗೆ ಸಾಗಿಸಬೇಕಾಯಿತು. ಅವರಿಗೆ 21 ವರ್ಷ. ಅದು ಸ್ತನದ ಸರ್ಜರಿಯಲ್ಲ. ಆದರೂ ಅರಿವಳಿಕೆ ಕೊಟ್ಟು ಮಾಡುವ ಯಾವ ಸರ್ಜರಿಯೂ ಚಿಕ್ಕದಲ್ಲ ಎಂಬುದನ್ನು ಆ ಸಾವು ನಗರಕ್ಕೆಲ್ಲ ತಿಳಿಸಿತು.

ಆದ್ದರಿಂದ ದಿನಾಂಕ ಗೊತ್ತುಮಾಡುವ ಮೊದಲು ಕೆಲವನ್ನು ಖಚಿತ ಮಾಡಿಕೊಳ್ಳಿ. ಸರ್ಜನ್ ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂಸಿಎಚ್ ಅಥವಾ ಡಿಎನ್‌ಬಿ ಮಾಡಿದ್ದಾರೆಯೇ? ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ, ಅಂದರೆ ಕೆಪಿಎಂಇ ಅಡಿ, ಕೇಂದ್ರದ ನೋಂದಣಿ ಆಗಿದೆಯೇ? ಅರಿವಳಿಕೆ ತಜ್ಞರಿದ್ದಾರೆಯೇ, ಐಸಿಯು ಅದೇ ಕಟ್ಟಡದಲ್ಲಿದೆಯೇ? ತೂಕ ಕನಿಷ್ಠ ಮೂರರಿಂದ ಆರು ತಿಂಗಳು ಏರದೆ ಇಳಿಯದೆ ನಿಂತಿರಬೇಕು. ಬೇರಿಯಾಟ್ರಿಕ್ ಸರ್ಜರಿ ಆದವರು ಒಂದರಿಂದ ಒಂದೂವರೆ ವರ್ಷ ಕಾಯಬೇಕು, ಹಿಮೋಗ್ಲೋಬಿನ್, ಪ್ರೋಟೀನ್, ಬಿ12 ಸರಿಯಿದೆಯೇ ನೋಡಿಸಬೇಕು. ತೂಕ ಇಳಿಸುವ ಚುಚ್ಚುಮದ್ದು ಜಠರ ಖಾಲಿಯಾಗುವುದನ್ನು ನಿಧಾನಿಸುತ್ತದೆ. ಅರಿವಳಿಕೆಯ ಹೊತ್ತಿನಲ್ಲಿ ಹೊಟ್ಟೆಯಲ್ಲಿರುವುದು ಶ್ವಾಸಕೋಶಕ್ಕೆ ಹೋಗುವ ಅಪಾಯವಿರುವುದರಿಂದ ಆ ಚುಚ್ಚುಮದ್ದು ತೆಗೆದುಕೊಳ್ಳುತ್ತಿದ್ದರೆ ಮುಚ್ಚಿಡದೆ ಹೇಳಿ. ಇನ್ನೂ ಮಕ್ಕಳಾಗಬೇಕೆಂದಿದ್ದರೆ ಲಿಫ್ಟನ್ನು ಮುಂದೂಡುವುದು ಒಳ್ಳೆಯದು. ಗರ್ಭಧಾರಣೆಯಲ್ಲಿ ಸ್ತನ ಮತ್ತೆ ಹಿಗ್ಗುತ್ತದೆ, ಹಾಲೂಡಿಸಲೂ ತೊಡಕಾಗಬಹುದು.

ಇಂಪ್ಲಾಂಟಿನ ಕಂಪನಿ, ಮಾದರಿ, ಸರಣಿ ಸಂಖ್ಯೆ ಇರುವ ಕಾರ್ಡನ್ನು ಕೇಳಿ ಪಡೆಯಿರಿ. ಆಸ್ಪತ್ರೆಯ ಬಿಡುಗಡೆ ಪತ್ರದಲ್ಲಿ ಇಂಪ್ಲಾಂಟನ್ನು ಯಾವ ಪದರದಲ್ಲಿ ಇಡಲಾಗಿದೆ ಎಂಬುದನ್ನು ಬರೆಸಿಕೊಂಡು, ಎರಡನ್ನೂ ಜೋಪಾನವಾಗಿಡಿ. ಹತ್ತು ವರ್ಷಗಳ ನಂತರ ನಿಮ್ಮನ್ನು ಪರೀಕ್ಷಿಸುವ ವೈದ್ಯರು ಬೇರೆಯವರಾಗಿದ್ದರೆ, ಅವರಿಗೆ ಮೊದಲು ಬೇಕಾಗುವುದು ಆ ಎರಡು ದಾಖಲೆಗಳೇ.